ಗುರಿಯ ಕಾಲಂನಲ್ಲಿದ್ದ ನಾಲ್ಕು

ಪ್ರೀತಿಯ ಅಪ್ಪಾ,

ಫೋನ್ ಮಾಡಿದರೆ ನೀನು "ಊಟ ಆಯ್ತಾ? ಸರಿ, ಅಮ್ಮಂಗೆ ಕೊಡ್ತೀನಿ" ಎಂದು ಕೈ ತೊಳೆದುಕೊಳ್ಳುತ್ತೀಯ. ಕಾಗದವಾದರೆ ಹಾಗೆ ದಾಟಿಸಲಾಗದು. ಅದಕ್ಕೇ ಬರೆಯುತ್ತಿದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿ, ಹೊಸ ಹೈಸ್ಕೂಲಿನಿಂದ ಬಂದ ನನ್ನ ಮೊದಲ ಪ್ರೋಗ್ರೆಸ್ ರಿಪೋರ್ಟ್ ನೆನಪಿದೆಯಾ? ಅಲ್ಲಿ ಅಂಕಗಳಿರಲಿಲ್ಲ, ಒಂದರಿಂದ ಒಂಬತ್ತರವರೆಗಿನ ಮಟ್ಟಗಳಿದ್ದವು, ಒಂಬತ್ತು ಎಲ್ಲಕ್ಕಿಂತ ಮೇಲು. ಪ್ರತಿ ವಿಷಯದ ಮುಂದೆ ಎರಡು ಕಾಲಂ: 'ಈಗಿನ ಮಟ್ಟ', 'ವರ್ಷಾಂತ್ಯದ ಗುರಿ'. ಗಣಿತದ ಮುಂದೆ ಎರಡರಲ್ಲೂ ನಾಲ್ಕು, ಪಕ್ಕದಲ್ಲೊಂದು ಹಸಿರು ಚುಕ್ಕೆ. ಹಸಿರು ಅಂದರೆ ಒಳ್ಳೆಯದೇ ಇರಬೇಕೆಂದು ಅಮ್ಮ ಹಿಗ್ಗಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಗುರಿ ಮುಟ್ಟಿದೆನೆಂದು ನಾನೂ ಬೀಗಿದೆ.

ಲಿಫ್ಟ್ ರಿಪೇರಿ ಮುಗಿಸಿ ಬಂದ ನೀನು ನೀರಿನ ಲೋಟ ಹಿಡಿದು ಅದರ ಮುಂದೆ ಬಹಳ ಹೊತ್ತು ನಿಂತೆ. "ಈಗ ನಾಲ್ಕು. ವರ್ಷದ ಕೊನೆಗೂ ನಾಲ್ಕು. ಹಾಗಾದ್ರೆ ವರ್ಷಪೂರ್ತಿ ಇವಳಿಗೆ ಸ್ಕೂಲಲ್ಲಿ ಏನು ಕೆಲಸ?" ಅಂದೆ. "ನಿಮಗೆ ಎಲ್ಲದರಲ್ಲೂ ಒಂದು ಕೊಂಕು" ಎಂದು ಅಮ್ಮ ರೇಗಿದಳು. ನೀನು ನಕ್ಕು ಲೋಟ ತೊಳೆದಿಟ್ಟೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ ನಾನು.

ಎರಡು ವಾರದ ಮೇಲೆ ಪೋಷಕರ ಸಭೆಗೆ ಅಮ್ಮನ ಬದಲು ನೀನು ಬಂದೆ, ಸೀದಾ ಕೆಲಸದಿಂದ, ಹೆಗಲಲ್ಲಿ ಟೂಲ್ ಬ್ಯಾಗ್ ಸಮೇತ. ಗಣಿತದ ಮೇಡಂ ಎದುರು ಕೂತು ಮೊದಲ ನಾಲ್ಕರ ಮೇಲೆ ಬೆರಳಿಟ್ಟೆ. "ಮೇಡಂ, ಇದು ಇವಳು ಗಳಿಸಿದ್ದು, ಒಪ್ತೀನಿ." ಬೆರಳು ಎರಡನೇ ನಾಲ್ಕಕ್ಕೆ ಸರಿಯಿತು. "ಇದನ್ನ ಯಾರು ಕೊಟ್ಟಿದ್ದು?"

ಪ್ರವೇಶ ಪರೀಕ್ಷೆಯ ಆಧಾರದ ಮೇಲೆ ಕಂಪ್ಯೂಟರೇ ಹಾಕುತ್ತದೆ ಅಂದರು ಅವರು. ಆ ಉತ್ತರಪತ್ರಿಕೆ ನೋಡಬಹುದಾ ಎಂದು ನೀನು ಕೇಳಿದೆ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಆ ಪತ್ರಿಕೆಯಲ್ಲಿ ಏನಿದೆ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಕೆಟ್ಟ ಜ್ವರದಿಂದ ಆಗಷ್ಟೇ ಎದ್ದು ಹೋಗಿದ್ದೆ. ಅರ್ಧ ಬರೆಯುವಷ್ಟರಲ್ಲಿ ತಲೆ ಸುತ್ತಿ ಕೊಟ್ಟು ಬಂದಿದ್ದೆ. ಮನೆಯಲ್ಲಿ ಮಾತ್ರ "ಚೆನ್ನಾಗಿ ಬರೆದೆ" ಅಂದಿದ್ದೆ.

ಮೇಡಂ ಫೈಲು ತರಿಸಿದರು. ಮೊದಲರ್ಧ ಹೆಚ್ಚೂಕಡಿಮೆ ಎಲ್ಲ ಸರಿ. ಉಳಿದರ್ಧ ಖಾಲಿ ಹಾಳೆ. ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮೇಡಂ ಅವರನ್ನೇ ಕೇಳಿದೆ: "ಗುರಿ ನಾಲ್ಕು ಇದ್ದೋರಿಗೆ ಸುಲಭದ ಪತ್ರಿಕೆ ಅಲ್ವಾ? ಅದರಲ್ಲಿ ಎಲ್ಲಾ ಸರಿ ಬರೆದ್ರೂ ಹೆಚ್ಚೆಂದ್ರೆ ಎಷ್ಟು ಸಿಗುತ್ತೆ?"

"ಐದು."

"ಮುಂದೆ ವಿಜ್ಞಾನ ತಗೊಳ್ಳೋಕೆ?"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆರು ಬೇಕು" ಅಂದರು.

ಮರುವಾರವೇ ಮತ್ತೆ ಪರೀಕ್ಷೆ ಕೊಟ್ಟು ನನ್ನನ್ನು ಕಷ್ಟದ ಪತ್ರಿಕೆ ಬರೆಯುವ ಮೇಲಿನ ಗುಂಪಿಗೆ ಹಾಕುವುದೆಂದು ತೀರ್ಮಾನವಾಯಿತು. ಗೆಳತಿಯರೆಲ್ಲ ಕೆಳಗಿನ ಗುಂಪಿನಲ್ಲೇ ಉಳಿಯುತ್ತಿದ್ದರು. ಆ ಸಿಟ್ಟಿಗೆ ಬಸ್ ಸ್ಟಾಪಿನಲ್ಲಿ, ನಾಲ್ಕು ಜನರ ಮುಂದೆ, ನಿನಗೆ ಅಂದೆ: "ಓದಿನ ವಿಷಯ ನಿನಗೇನು ಗೊತ್ತು? ಲಿಫ್ಟ್ ರಿಪೇರಿ ಮಾಡ್ಕೊಂಡು ಸುಮ್ನೆ ಇರಬಾರ್ದಾ?" ನೀನು ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ. "ಬಸ್ ಬಂತು, ಹತ್ತು" ಅಂದೆ. ಅಷ್ಟೇ.

ಹೊಸ ಗುಂಪಿನ ಮೊದಲ ರಿಪೋರ್ಟಿನಲ್ಲಿ ಮೂರು ಬಂತು, ಕೆಂಪು ಚುಕ್ಕೆಯ ಜೊತೆ. "ನೋಡು, ಎಲ್ಲಾ ನಿನ್ನಿಂದ" ಎಂದು ಮೇಜಿನ ಮೇಲೆ ಎಸೆದೆ. ನೀನು ಮಡಿಕೆ ಬಿಡಿಸಿ ಓದಿದೆ. "ಗುರಿ ಆರು, ಈಗ ಮೂರು. ಒಳ್ಳೇದಾಯ್ತು, ಎಲ್ಲಿದೀವಿ ಅಂತ ಗೊತ್ತಾಯ್ತು. ಯಾವುದು ಬರಲ್ಲ ಅಂತ ಕೆಳಗೆ ಬರೆದಿದಾರೆ ನೋಡು." 'ಸಮೀಕರಣಗಳಲ್ಲಿ ಅಭ್ಯಾಸ ಸಾಲದು' ಎಂದಿತ್ತು. ಆ ಸಾಲನ್ನು ನಾನು ಓದಿಯೇ ಇರಲಿಲ್ಲ. ನಿನಗೆ ಸಮೀಕರಣ ಬರುತ್ತಿರಲಿಲ್ಲ. ಆದರೂ ಪ್ರತಿ ಭಾನುವಾರ ನೀನು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು "ಈ ವಾರ ಯಾವುದು ಸರಿ ಹೋಯ್ತು?" ಎಂದು ಕೇಳುತ್ತಿದ್ದೆ. ನಾಲ್ಕಾಯಿತು, ಐದಾಯಿತು. ಕೊನೆಯ ಪರೀಕ್ಷೆಯಲ್ಲಿ ಆರು. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ, ಆದರೆ ಆರು.

ಈಗ ನಾನೇ ಗಣಿತದ ಮೇಡಂ. ಮೊನ್ನೆ ಶನಿವಾರದ ಪೋಷಕರ ಸಭೆಗೆ ಒಬ್ಬ ಹುಡುಗಿಯ ಅಜ್ಜಿ ಬಂದಿದ್ದರು, ನಿವೃತ್ತ ಹೆಡ್‌ಮಿಸ್ಟ್ರೆಸ್. ಅದು ಗೊತ್ತಿಲ್ಲದೆ ಎಲ್ಲರಿಗೂ ಹೇಳುವಂತೆ ಅವರಿಗೂ ಎರಡು ಕಾಲಂ ತೋರಿಸಿ, "ಮೊದಲು ಈ ಗುರಿ ಎಲ್ಲಿಂದ ಬಂತು ಅಂತ ನನ್ನನ್ನ ಕೇಳಿ" ಅಂದೆ. ಅವರು ನಕ್ಕುಬಿಟ್ಟರು.

"ಇದನ್ನ ನಾನೇ ಒಬ್ಬರಿಗೆ ಕಲಿಸಿದ್ದೆ ಕಣಮ್ಮ. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಮೆಕ್ಯಾನಿಕ್ ಒಬ್ಬರು ಬರ್ತಿದ್ರು. ಮಗಳ ರಿಪೋರ್ಟ್ ಹಿಡ್ಕೊಂಡು ಬಾಗಿಲು ತಟ್ಟಿದ್ರು. ಎಂಟು ದಿನ, ಊಟದ ಹೊತ್ತಲ್ಲಿ ಬಂದು ಕಲಿತ್ರು. ನಾನು ಮೇಡಂ ಥರ ಕೂರಬೇಕು, ಅವರು ಪ್ರಶ್ನೆ ಕೇಳೋದು ಅಭ್ಯಾಸ ಮಾಡ್ಬೇಕು. ತುಂಬಾ ಹೆದರ್ತಿದ್ರು ಪಾಪ. 'ನಾನು ತಪ್ಪು ಮಾತಾಡಿದ್ರೆ ನಮ್ ಸ್ಪ್ರಿಂಗುಗೆ ಅವಮಾನ ಆಗ್ಬಾರ್ದು' ಅನ್ನೋರು."

ಈ ಲೋಕದಲ್ಲಿ ಆ ಅಡ್ಡಹೆಸರು ಹೊತ್ತವಳು ನಾನೊಬ್ಬಳೇ ಅಪ್ಪಾ, ಒಂದು ಕಡೆ ಕೂರದವಳೆಂದು ನೀನಿಟ್ಟದ್ದು. "ಆ ಸ್ಪ್ರಿಂಗು ನಾನೇ" ಅಂದೆ. ಅವರು ನನ್ನ ಕೈ ಹಿಡಿದುಕೊಂಡು ಕೂತರು. ಸಾಲಿನಲ್ಲಿದ್ದವರು ಕಾದರು.

ನಿನಗೆ ಧೈರ್ಯ ಹುಟ್ಟಿನಿಂದಲೇ ಬಂದದ್ದೆಂದು ಇಷ್ಟು ವರ್ಷ ನಂಬಿದ್ದೆ. ಎಂಟು ಮಧ್ಯಾಹ್ನ ಊಟ ಬಿಟ್ಟು ಕಲಿತದ್ದೆಂದು ಗೊತ್ತಿರಲಿಲ್ಲ. ಬಸ್ ಸ್ಟಾಪಿನಲ್ಲಿ ನಾನಾಡಿದ್ದು ತಪ್ಪು. ಮರೆತಿದ್ದೇನೆ ಅನ್ನಬೇಡ. ಕ್ಷಮಿಸಿದ್ದೇನೆ ಅನ್ನು.

ಇನ್ನೊಂದು ವಿಷಯ. ರಿಪೋರ್ಟ್ ಓದುವುದು ಹೇಗೆಂದು ಪೋಷಕರಿಗೆ ಹೇಳಿಕೊಡಲು ತಿಂಗಳಿಗೊಂದು ಶನಿವಾರ ಕೊಡಿ ಎಂದು ಪ್ರಿನ್ಸಿಪಾಲರನ್ನು ಕೇಳಿದೆ, ಒಪ್ಪಿದರು. ಆ ಅಜ್ಜಿ ಬರುತ್ತಾರೆ. ಕಾಲಂಗಳ ಲೆಕ್ಕ ನಾನು ಹೇಳುತ್ತೇನೆ. ಆದರೆ ಹೆದರಿಕೊಂಡೇ ಪ್ರಶ್ನೆ ಕೇಳುವುದು ಹೇಗೆಂದು ಹೇಳಿಕೊಡಲು ನನಗೆ ಬರುವುದಿಲ್ಲ. ಅದಕ್ಕೆ ನೀನೇ ಬರಬೇಕು. ಮುಂದಿನ ಶನಿವಾರ ಹತ್ತು ಗಂಟೆಗೆ ಶುರು.

ನಿನ್ನ ಆಯಸ್ಸು ಗಟ್ಟಿಯಾಗಿರಲಿ, ಕೈಗೆ ಬಲವಿರಲಿ.

ಶನಿವಾರ ಗೇಟಿನ ಹತ್ತಿರ ಕಾಯುತ್ತಿರುವ
ನಿನ್ನ ಮಗಳು