ತುಳಸಿಗೆ ಮೇಲಿನ ಮೆಟ್ಟಿಲು

ಧಾರವಾಡ
೨೪ ನವೆಂಬರ್ ೨೦೨೫

ನನ್ನ ಮುದ್ದಿನ ಸೃಷ್ಟಿಗೆ,

ಅವ್ವನ ಆಶೀರ್ವಾದಗಳು. ನಾನೂ ನಿಮ್ಮಪ್ಪನೂ ಆರಾಮವಾಗಿದ್ದೇವೆ. ನೀನೂ ನಿನ್ನ ಯಜಮಾನರೂ ಹೊಟ್ಟೆಯೊಳಗಿನ ಜೀವವೂ ಬೀದರಿನ ಚಳಿಯಲ್ಲಿ ಬೆಚ್ಚಗಿದ್ದೀರಿ ಎಂದುಕೊಂಡಿದ್ದೇನೆ. ಕಾಲುಚೀಲ ಹಾಕಿಕೊಳ್ಳದೆ ಓಡಾಡಬೇಡ.

ಫೋನು ಮಾಡಿದಾಗಲೆಲ್ಲ ನಿನ್ನ ಸೀಮಂತದ ಸುದ್ದಿ ತೆಗೆದು ನೀನು ಒಂದೇ ಮಾತು ಕೇಳುತ್ತೀ: "ಅವ್ವಾ, ಚಿಗವ್ವ ಯಾಕ ನನ್ನ ಕುಬಸಕ್ಕ ಬರಂಗಿಲ್ಲ ಅನ್ನಾಕತ್ತಾಳ? ನೀ ಏನರ ಅಂದೇನು?" ನಾನು ಕುಕ್ಕರ್ ಸೀಟಿ ಹೊಡೆಯಿತು, ಬಾಗಿಲಲ್ಲಿ ಯಾರೋ ಬಂದರು ಎಂದು ಫೋನು ಇಟ್ಟುಬಿಡುತ್ತೇನೆ. ಕುಕ್ಕರೂ ಹೊಡೆದಿರುವುದಿಲ್ಲ, ಯಾರೂ ಬಂದಿರುವುದಿಲ್ಲ. ಆಯುಷ್ಯವಿಡೀ ಸಾಲಿ ಮಕ್ಕಳಿಗೆ ಸುಳ್ಳು ಹೇಳಬೇಡಿರೆಂದು ಕಿವಿ ಹಿಂಡಿದವಳು ನಾನು! ಎದುರಿಗೆ ಹೇಳಲು ಬಾಯಿ ಏಳುವುದಿಲ್ಲ ತಾಯಿ, ಅದಕ್ಕೇ ಈ ಕಾಗದ. ತಡವಾಯಿತು, ಎಷ್ಟು ಬೇಕಾದರೂ ಬೈಕೋ.

ಎಲ್ಲ ಶುರುವಾದದ್ದು ನಿಮ್ಮಪ್ಪನ ಕುಂಡಗಳಿಂದ. ರಿಟೈರ್ ಆದ ಮೇಲೆ ಅವರಿಗೆ ಗಿಡದ ಹುಚ್ಚು ಹಿಡಿದಿರುವುದು ನಿನಗೆ ಗೊತ್ತು. ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲ. ಈ ಸಲದ ಮಳೆಗೆ ನೆಲ ಆರಲೇ ಇಲ್ಲ, ಅರ್ಧದಷ್ಟು ಗಿಡ ಬುಡ ಕೊಳೆತು ಹೋದವು. ಒಂದು ಕಬ್ಬಿಣದ ಸ್ಟ್ಯಾಂಡು ತರೋಣ, ಎಲ್ಲಿ ಸಿಗುತ್ತದೆ ಕೇಳೋಣ ಎಂದು ನಾನು ನಿನ್ನ ಚಿಗವ್ವ ರೇಣವ್ವನಿಗೆ ಫೋನು ಮಾಡಿದೆ. ಅವಳು ನನಗೇ ಜೋರು ಮಾಡಿದಳು.

"ಕಬ್ಬಿಣದ್ದು ತಂದು ತುಕ್ಕ ಹಿಡಸ್ತೀಯೇನಕ್ಕ? ನಾ ಸತ್ತೇನೇನು? ಕಟಗಿ ನಂದು, ಕೈ ನಂದು. ನೀ ಹೊತ್ತಹೊತ್ತಿಗೆ ಚಾ ಕೊಡು, ಸಾಕು."

ಅವಳ ಗಂಡ, ನಿನ್ನ ಕಾಕಾ ತೀರಿಕೊಂಡ ಮೇಲೆ ಬೆಂಗೇರಿಯ ಆ ಬಾಗಿಲು-ಕಿಟಕಿ ಮಾಡುವ ಶೆಡ್ಡನ್ನು ಅವಳೇ ನಡೆಸುತ್ತಿದ್ದಾಳಲ್ಲ, ಆದರೆ ಅವಳು ಕೆಲಸ ಮಾಡುವುದನ್ನು ನಾನು ಹತ್ತಿರ ಕುಳಿತು ನೋಡಿರಲಿಲ್ಲ. ದೀಪಾವಳಿ ಮುಗಿದ ಮೇಲೆ ಟಂಟಂ ಗಾಡಿಯಲ್ಲಿ ಹಳೆಯ ಸಾಗವಾನಿ ಚೌಕಟ್ಟು ಹೇರಿಕೊಂಡು ಬಂದಿಳಿದಳು. ಅಮ್ಮಿನಬಾವಿಯಲ್ಲಿ ಯಾರದೋ ವಾಡೆ ಕೆಡವಿದಾಗ ಸಿಕ್ಕ ಕಟ್ಟಿಗೆಯಂತೆ. ದಿನಾ ಬಸ್ಸಿಗೆ ಓಡಾಡುವುದು ಬೇಡ, ಇಲ್ಲೇ ಇರು ಎಂದೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ಕಿವಿಯ ಸಂದಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಅವಳು ರಂದಾ ಹೊಡೆಯಲು ನಿಂತರೆ ಹಿತ್ತಲ ತುಂಬ ಕಟ್ಟಿಗೆಯ ಸುರುಳಿ. ನಿಮ್ಮಪ್ಪ ಹಲಗೆಯ ಇನ್ನೊಂದು ತುದಿ ಹಿಡಿಯಲು ಹೋಗಿ ಬೈಸಿಕೊಂಡರು. "ಮಾವಾರ, ಗಟ್ಟಿ ಹಿಡೀರಿ, ಕಟಗಿ ಏನೂ ಕಡಿಯಂಗಿಲ್ಲ!" ಸಂಜೆ ಅವರು, "ನಾನೂ ಒಂದು ಮೊಳಿ ಹೊಡದೇನಿ," ಎಂದು ಎದೆಯುಬ್ಬಿಸಿದರು. ರೇಣವ್ವ ನನ್ನ ಕಿವಿಯಲ್ಲಿ, "ಅದನ್ನ ನಾ ಆಮ್ಯಾಲ ಕಿತ್ತೇನಿ," ಎಂದಳು. ಇಬ್ಬರೂ ಸೆರಗು ಬಾಯಿಗೊತ್ತಿಕೊಂಡು ನಕ್ಕೆವು. ನಮ್ಮವ್ವ ಇದ್ದಾಗ ನಕ್ಕಿದ್ದೆವು ಹಾಗೆ.

ಮೂರು ಮೆಟ್ಟಿಲಿನ ಸ್ಟ್ಯಾಂಡು. ನೀರು ನಿಲ್ಲದೆ ಇಳಿದುಹೋಗಲೆಂದು ಪಟ್ಟಿ-ಪಟ್ಟಿಯ ನಡುವೆ ಬೆರಳು ಹೋಗುವಷ್ಟು ಸಂದು ಬಿಟ್ಟಳು. ಗೆದ್ದಲು ಹತ್ತದಿರಲೆಂದು ಕಾಲುಗಳ ಕೆಳಗೆ ಕಲ್ಲು ಕೊಟ್ಟಳು. ಒಂದು ದಿನ ನನ್ನನ್ನು ಅಡುಗೆಮನೆಯಿಂದ ಎಳೆದುಕೊಂಡು ಬಂದು, "ಅಕ್ಕ, ಇಲ್ಲಿ ನಿಂದ್ರು. ಆರತಿ ತಾಟು ಹಿಡದಂಗ ಕೈ ಹಿಡಿ," ಎಂದಳು. ಹಿಡಿದೆ. ಅಷ್ಟು ಎತ್ತರಕ್ಕೆ ಕಟ್ಟಿಗೆಯ ಮೇಲೆ ಗೆರೆ ಎಳೆದಳು. "ಮ್ಯಾಲಿನ ಮೆಟ್ಲ ತುಳಸಿಗೆ. ನಿನ್ನ ಮಣಕಾಲ ಇಟ್ಕೊಂಡು ಬಗ್ಗೋದು ಬ್ಯಾಡ." ನನ್ನ ಮೊಣಕಾಲಿನ ನೋವು ನಾನು ಹೊಟ್ಟೆಯಲ್ಲಿ ಹೊತ್ತ ನಿನಗೂ ನೆನಪಿರುವುದಿಲ್ಲ, ಅವಳಿಗಿತ್ತು. ಕೊನೆಗೆ ಅಗಸೆ ಎಣ್ಣೆ ಹಚ್ಚಿ ಬಟ್ಟೆಯಿಂದ ತಿಕ್ಕಿದಾಗ ಆ ಹಳೆಯ ಕಟ್ಟಿಗೆ ಕಳೆಕಳೆಯಾಗಿ ಎದ್ದು ಕಂಡಿತು. ತುಳಸಿ ಲಗ್ನಕ್ಕೆ ಸರಿಯಾಗಿ ಮುಗಿಸಿಬಿಟ್ಟಳು.

ಇಲ್ಲಿಯವರೆಗೆ ಬರೆಯುವುದು ಸುಲಭ ಇತ್ತು ಸೃಷ್ಟಿ.

ಲಗ್ನದ ದಿನ ಮಧ್ಯಾಹ್ನ ಬಾಜೂ ಮನೆಯ ಸುಹಾಸಿನಿ ಕಬ್ಬು ಕೊಡಲು ಬಂದವಳು ಹೇಳಿದಳು, "ಬಾಯಾರ, ಈ ಸರ್ತಿ ನಿಮ್ಮ ಮಗಳು ಬಸುರದಾಳ. ಆರತಿಗೆ ಐದೂ ಮಂದಿ ಮುತ್ತೈದೇರ ಇರ್ಲಿ. ಮತ್ತ್ಯಾರೂ ಎದುರಿಗೆ ಬರೋದು ಬ್ಯಾಡ. ಹ್ವಾದ ವರ್ಷದ್ದು ನೆನಪೈತಲ್ಲ?" ಬೇರೆ ದಿನವಾಗಿದ್ದರೆ ನಾನು ಅವಳಿಗೆ ಮುಖದ ಮೇಲೆ ಹೊಡೆದಂತೆ ಉತ್ತರ ಕೊಡುತ್ತಿದ್ದೆ. ಆದರೆ ಹೋದ ವರ್ಷ ನೀನು ಕಳೆದುಕೊಂಡ ಕೂಸು ಕಣ್ಣ ಮುಂದೆ ಬಂತು, ಆಸ್ಪತ್ರೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ನೀನು ಬಂದೆ. ಆ ಮಾತು ಹೊಟ್ಟೆಯೊಳಗೆ ಕುಳಿತುಬಿಟ್ಟಿತು.

ಯಾರು ನಾನು? ನಿನ್ನ ಕಾಕಾ ಹೋದ ಹತ್ತನೇ ದಿನ, ಬಳೆ ಒಡೆಯಲು ಬಂದ ಹೆಂಗಸರ ಎದುರು ನಿಂತು, "ನನ್ನ ತಂಗಿ ಕೈ ಮುಟ್ಟಿದ್ರ ನೋಡ್ರಿ ಮತ್ತ!" ಎಂದು ಗದರಿದವಳು. ರೇಣವ್ವನ ಹಣೆಗೆ ಟಿಕಳಿ ನಾನೇ ಹಚ್ಚಿದವಳು. ಮಹಿಳಾ ದಿನಕ್ಕೆ ಕರೆದಲ್ಲೆಲ್ಲ ಹೋಗಿ ಇದನ್ನೇ ಹೇಳಿ ಚಪ್ಪಾಳೆ ತಟ್ಟಿಸಿಕೊಂಡವಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ಅದು ನನಗೇ ಹೇಳಿದ್ದು.

ಸಂಜೆ ರೇಣವ್ವ ಮಿಂದು, ಇಳಕಲ್ ಸೀರೆ ಉಟ್ಟು, ತುಳಸಿಯ ಪಕ್ಕ ನಿಂತು ಕಬ್ಬು ನೆಟ್ಟಗೆ ಮಾಡುತ್ತಿದ್ದಳು. ಹೆಂಗಸರು ಗೇಟಿನೊಳಗೆ ಬರುತ್ತಿದ್ದರು.

"ರೇಣವ್ವಾ, ಒಳಗ ಹೋಗಿ ಫಳಾರದ ತಾಟು ಹಚ್ಚತೀಯೇನು?" ಎಂದೆ.

"ಆಗಲೇ ಹಚ್ಚಿಟ್ಟೇನಲ್ಲಕ್ಕ."

"ಇನ್ನೊಮ್ಮೆ ನೋಡು."

ನನ್ನ ಮುಖ ನೋಡಿದಳು. ಕೈಯಲ್ಲಿದ್ದ ದಾರ ಅಲ್ಲೇ ಇಟ್ಟು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಆರತಿ ಆಯಿತು. ಎಲ್ಲರ ಕಣ್ಣೂ ಸ್ಟ್ಯಾಂಡಿನ ಮೇಲೆ. "ಭಾಳ ಛಲೋ ಆಗೇತ್ರಿ ಬಾಯಾರ, ಯಾರ್ ಮಾಡಿದ್ರು?" ಎಂದು ಸುಹಾಸಿನಿ ಕೇಳಿದಳು. ನನ್ನ ತಂಗಿ ಎಂದರೆ ಕರೀರಿ ನೋಡೋಣ ಅನ್ನುತ್ತಾರೆ, ಅವಳು ಹೊರಗೆ ಬರುತ್ತಾಳೆ. ನಾನು ಹೇಳಿಬಿಟ್ಟೆ, "ಬೆಂಗೇರ್ಯಾಗ ಒಬ್ಬ ಬಡಿಗ್ಯಾ ಅದಾನ್ರಿ, ಅವ ಮಾಡಿಕೊಟ್ಟ." ಅಡುಗೆಮನೆಯ ಕಿಟಕಿ ಅಲ್ಲೇ ಇದೆ, ತೆರೆದೇ ಇತ್ತು. ಅವಳಿಗೆ ಕೇಳಿಸದೆ ಇರಲು ಸಾಧ್ಯವಿಲ್ಲ.

ಎಲ್ಲರೂ ಹೋದ ಮೇಲೆ ನಿಮ್ಮಪ್ಪ, "ನಿನ್ನ ಭಾಷಣ ಬರೇ ಊರ ಮಂದಿಗೇನು?" ಎಂದರು. ಅಷ್ಟೇ. ಮರುದಿನ ಬೆಳಿಗ್ಗೆ ರೇಣವ್ವ ತನ್ನ ಉಳಿ, ಗರಗಸ, ರಂದಾ ಚೀಲಕ್ಕೆ ತುಂಬಿಕೊಂಡು ಹೊರಟಳು. ಹೆಚ್ಚೇನೂ ಮಾತಾಡಲಿಲ್ಲ.

ಹೋದ ಭಾನುವಾರ ನಾನೇ ಬೆಂಗೇರಿಗೆ ಹೋಗಿದ್ದೆ. ಬಾ ಎಂದಳು, ಗಿರಮಿಟ್ ಕಲಸಿ ಕೊಟ್ಟಳು, ಚಹಾ ಕೊಟ್ಟಳು, ಮೊಣಕಾಲು ಹೇಗಿದೆ ಎಂದು ಕೇಳಿದಳು. ಬೈದಿದ್ದರೆ ಚಲೋ ಇತ್ತು. ತಪ್ಪಾಯಿತು ಎಂದು ಕೈ ಹಿಡಿದುಕೊಂಡೆ. "ಸಿಟ್ಟಿಲ್ಲಕ್ಕ," ಎಂದಳು. ಹಾಗಾದರೆ ಕುಬಸಕ್ಕೆ ಬಾ, ಸೃಷ್ಟಿ ನಿನ್ನ ದಾರಿ ಕಾಯುತ್ತಿದ್ದಾಳೆ ಎಂದೆ. ಕೈ ಬಿಡಿಸಿಕೊಂಡು ಹೇಳಿದಳು: "ಸೃಷ್ಟಿ ನನ್ನ ಮಗಳು. ನೀ ಹಳ್ಳ್ಯಾಗ ನೌಕರಿ ಮಾಡುವಾಗ ಆಕಿ ಜಡಿ ಹೆಣದು ಸಾಲಿಗೆ ಕಳಿಸಿದಾಕಿ ನಾನು. ಆಕಿ ಇಲ್ಲಿ ಬಂದ್ರ ನಾನ ಕುಬಸ ಮಾಡ್ತೇನಿ. ಆದ್ರ ನಿನ್ನ ಮನಿಗೆ ನಾ ಬರಂಗಿಲ್ಲ."

ಈಗ ನಿನಗೆ ಬಿಟ್ಟದ್ದು ಮಗಳೇ. ಬೆಂಗೇರಿಯಲ್ಲೇ ಕುಬಸ ಆಗಲಿ ಎಂದು ನೀನು ಹೇಳಿದರೆ ನಾನು ತುಟಿ ಬಿಚ್ಚುವುದಿಲ್ಲ. ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿದರೂ ಬಂದು ನಿಲ್ಲುತ್ತೇನೆ. ನಿನ್ನ ಕೂಸು ಸುಖವಾಗಿ ಹುಟ್ಟಲಿ, ಚಿಗವ್ವನಂಥ ಗಟ್ಟಿ ಕೈಯಾಗಲಿ ಅದಕ್ಕೆ, ನಿನ್ನ ಈ ಅವ್ವನಂಥ ಪುಕ್ಕಲು ಎದೆ ಬೇಡ. ಹಾಲು ಕುಡಿಯುವುದನ್ನು ತಪ್ಪಿಸಬೇಡ.

ನಿನ್ನ ಅವ್ವ,
ಭುವನೇಶ್ವರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಹೊರಡುವಾಗ ರೇಣವ್ವ ಹೆಚ್ಚೇನೂ ಮಾತಾಡಲಿಲ್ಲ ಎಂದು ಬರೆದೆನಲ್ಲ, ಅದೂ ಸುಳ್ಳು. ಗೇಟಿನವರೆಗೆ ಹೋದವಳು ಚೀಲ ಕೆಳಗಿಟ್ಟು ತಿರುಗಿ ಬಂದಳು. ಹಿಂದಿನ ಸಂಜೆ ಅಷ್ಟೆಲ್ಲ ಆದ ಮೇಲೂ ನನ್ನ ಮುಂದೆ ಸೆರಗೊಡ್ಡಿ ನಿಂತಳು. "ಅಕ್ಕ, ಅವ್ವ ಹ್ವಾದ ಮ್ಯಾಲ ನನಗ ತವರಮನಿ ಅಂದ್ರ ನೀನ. ಉಡಿ ತುಂಬಿ ಕಳಸು," ಎಂದಳು. ನಿನ್ನ ಕಾಕಾ ಹೋದ ಮೇಲೂ, ಮಂದಿ ಏನೇ ಅನ್ನಲಿ, ನಾನು ಅವಳ ಮಡಿಲಿಗೆ ಕಾಯಿ, ಅಕ್ಕಿ ಹಾಕಿ ಉಡಿ ತುಂಬುವುದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಆದರೆ ಆವತ್ತು ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಈ ಉಡಿ ತುಂಬಿದರೆ ನಿನ್ನ ಒಡಲಿಗೆ ಏನಾದರೂ ಆದರೆ? ತೆಂಗಿನಕಾಯಿ ತುಳಸಿಯ ಮುಂದೆ ಸಾಲಾಗಿ ಇದ್ದವು, ಅವಳಿಗೂ ಕಾಣುತ್ತಿದ್ದವು. ನಾನು, "ಕಾಯಿ ಇಲ್ಲ ರೇಣವ್ವ," ಎಂದೆ. ಅವಳು ಸೆರಗು ಇಳಿಸಲಿಲ್ಲ ಸೃಷ್ಟಿ, ನನ್ನ ಮನಸ್ಸು ಬದಲಾದೀತೆಂದು ಹಾಗೇ ಹಿಡಿದು ನಿಂತಿದ್ದಳು. ನಾನು ಅಲುಗಲಿಲ್ಲ. ಕೊನೆಗೆ ಆ ಬರಿದಾದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಚೀಲ ಎತ್ತಿಕೊಂಡಳು. ಹೋಗಿ ಬರ್ತೇನಿ ಅನ್ನಲಿಲ್ಲ. "ಹೋಗ್ತೇನಕ್ಕ," ಎಂದಳು.