ಭುಜದ ಅರ್ಧ ಇಂಚು

ತಾರೀಖು ಹದಿನಾಲ್ಕು, ಬುಧವಾರ

ನನ್ನ ಮುದ್ದಿನ ತಮ್ಮನಿಗೆ,

ಅಕ್ಕನ ಆಶೀರ್ವಾದ. ನೀನು ಜೀವ ಕೈಯಲ್ಲಿ ಹಿಡಿದು ಕೂತಿರುತ್ತೀಯ ಎಂದು ಗೊತ್ತು, ಅದಕ್ಕೇ ಸುತ್ತಿಬಳಸುವುದಿಲ್ಲ. ನಮ್ಮಿಬ್ಬರ ಮೊಮ್ಮಗಳಿಗೆ, ನಮ್ಮ ಮುದ್ದು ಬಟನ್‌ಗೆ, ನಿನ್ನೆ ಮೆದುಳು ಮತ್ತು ಬೆನ್ನಿನ ಸ್ಕ್ಯಾನ್ ಆಯಿತು. ಅವಳು ನಡೆಯುತ್ತಾ ಮುಗ್ಗರಿಸುವುದು, ಹಾಲಿನ ಲೋಟ ತುಳುಕಿಸುವುದು ತುಂಟತನವಲ್ಲ, ಕಾಯಿಲೆ. ನಿನ್ನ ಮಗಳು, ಅಂದರೆ ನನ್ನ ಸೊಸೆ, ಗಟ್ಟಿಯಾಗಿದ್ದಾಳೆ. ಫೋನಿನಲ್ಲಿ ಇದೆಲ್ಲ ಹೇಳಲು ನನಗೆ ಬರುವುದಿಲ್ಲ. ಹೊಲಿಯಲು ಕೊಟ್ಟ ಬಟ್ಟೆ ಸುತ್ತಿ ಬಂದ ಹಳೇ ಪೇಪರು ಓದಿ ಅಕ್ಷರ ಕಲಿತವಳು ನಾನು, ಬರೆದರೇ ಮಾತು ನೆಟ್ಟಗೆ ಬರುವುದು.

ಆ ಕೋಣೆಗೆ ಚೂರು ಕಬ್ಬಿಣವೂ ಹೋಗುವಂತಿಲ್ಲ, ಯಂತ್ರವೇ ಒಂದು ದೊಡ್ಡ ಅಯಸ್ಕಾಂತವಂತೆ. ಬಾಗಿಲಲ್ಲೇ ನನ್ನನ್ನು ತಡೆದರು. ಸೆರಗಿನಿಂದ ಏಳು ಗುಂಡುಪಿನ್ನು, ರವಿಕೆಯಿಂದ ಎರಡು ಸೂಜಿ ಸಿಕ್ಕವು. ಸ್ಕ್ಯಾನ್ ಮಾಡುವ ಹುಡುಗಿ, "ಏನಜ್ಜಿ, ಟೈಲರ್ ಅಂಗಡೀನೇ ಹೊತ್ಕೊಂಡು ಬಂದಿದ್ದೀರಲ್ಲ" ಎಂದಳು. ಮಗು ಅಲ್ಲಾಡಿದರೆ ಚಿತ್ರ ಕಲಸಿಹೋಗುತ್ತದೆ, ನಿದ್ದೆಮದ್ದು ಕೊಡಬೇಕಾದೀತು ಎಂದೂ ಹೇಳಿದಳು. ನಾನು ಬಟನ್ ಕಿವಿಯಲ್ಲಿ, ಹೊಸ ಫ್ರಾಕಿನ ಟ್ರಯಲ್ ನೋಡುವಾಗ ಅಲ್ಲಾಡದೆ ನಿಲ್ಲುತ್ತೀಯಲ್ಲ, ಹಾಗೇ ಮಲಗು ಎಂದೆ. ಮುಕ್ಕಾಲು ಗಂಟೆ ಕಮಕ್ ಕಿಮಕ್ ಎನ್ನಲಿಲ್ಲ ನೋಡು. ಯಂತ್ರದ ಕಟಕಟ ಸದ್ದಂತೂ ಹೇಳತೀರದು. ಹೊರಗೆ ಬಂದವಳೇ, "ಅಜ್ಜೀ, ಅದಕ್ಕೆ ಯಾರೂ ಎಣ್ಣೆ ಬಿಟ್ಟಿಲ್ಲ" ಎಂದಳು.

ಆಮೇಲೆ ನರರೋಗದ ಡಾಕ್ಟರಮ್ಮ ನಮ್ಮನ್ನು ಪರದೆಯ ಮುಂದೆ ಕೂರಿಸಿದರು. ತಮ್ಮಾ, ನಾನು ಏನು ನೋಡಿದೆ ಅಂತ ಹೇಗೆ ಬರೆಯಲಿ? ಕತ್ತರಿ ತಾಗಿಸದೆ, ಒಂದು ಹೊಲಿಗೆಯನ್ನೂ ಬಿಚ್ಚದೆ, ಮಗುವಿನ ಒಳಗನ್ನು ಪದರ ಪದರವಾಗಿ ತೆರೆದಿಟ್ಟಿದ್ದರು. ತಲೆಯ ಹಿಂಭಾಗದಲ್ಲಿ ಕಿರುಮೆದುಳು ಅಂತ ಒಂದಿದೆ. ಅದರಲ್ಲಿ ಎಷ್ಟು ಸಣ್ಣ ನೆರಿಗೆಗಳು ಅಂದರೆ, ನಲವತ್ತು ವರ್ಷ ನೆರಿಗೆ ಹಾಕಿದ ಕೈಗಳನ್ನು ಅಲ್ಲೇ ಜೋಡಿಸಿ ಮುಗಿದುಬಿಟ್ಟೆ. ಸದ್ಯಕ್ಕೆ ಅದು ಚೆನ್ನಾಗಿದೆ. ಕೆಳಗೆ ಬಿಳೀ ನೀರಿನಲ್ಲಿ ಇಳಿಬಿಟ್ಟ ದಾರದಂತೆ ಬೆನ್ನುಹುರಿ. ಅದೇ ವಯಸ್ಸಿನ, ಕಾಯಿಲೆಯಿಲ್ಲದ ಮಗುವಿನ ಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸಿದರು. ಯಾರೂ ಹೇಳಬೇಕಾಗಿರಲಿಲ್ಲ. ನಮ್ಮದು ಸಪೂರ. ಕೈಕಾಲು ಎಲ್ಲಿದೆ ಎಂಬ ಸುದ್ದಿ ಆ ದಾರದಲ್ಲೇ ಮೇಲೆ ಹೋಗಬೇಕಂತೆ. ಅಷ್ಟು ಸಪೂರ ದಾರ ಇಟ್ಟುಕೊಂಡು ಈ ಮಗು ದಿನಾ ಮೂರು ಮಹಡಿ ಮೆಟ್ಟಿಲು ಹತ್ತಿ ಶಾಲೆ ಕಲಿಯುತ್ತಿದೆಯಲ್ಲ, ಆ ಯಂತ್ರಕ್ಕಿಂತ ದೊಡ್ಡ ಬೆರಗು ಅದು.

ಇದು ವಂಶದಲ್ಲಿ ಬರುವುದು. ಚಿತ್ರ ದಾರಿ ತೋರಿಸಿದೆ, ರಕ್ತದ ಪರೀಕ್ಷೆ ಬಂದರೆ ಖಚಿತ. ನನ್ನ ಮಗನಿಂದ ಒಂದು ಎಳೆ, ನಿನ್ನ ಮಗಳಿಂದ ಒಂದು ಎಳೆ ಸೇರಿದೆಯಂತೆ. ಅಕ್ಕ-ತಮ್ಮನ ಮಕ್ಕಳಿಗೆ ಗಂಟು ಹಾಕಿದ್ದು ನಾವೇ. ಗೊತ್ತಿದ್ದು ಮಾಡಿದ್ದಲ್ಲ, ನೀನು ಹಣೆ ಚಚ್ಚಿಕೊಳ್ಳಬೇಡ. ಪೂರ್ತಿ ವಾಸಿಮಾಡುವ ಔಷಧಿ ಇನ್ನೂ ಇಲ್ಲ. ವ್ಯಾಯಾಮ, ಬೆನ್ನಿಗೆ ಪಟ್ಟಿ, ಇದು ಹೃದಯಕ್ಕೂ ತಾಗಬಹುದಂತೆ, ಅದಕ್ಕೆ ವರ್ಷವರ್ಷ ಅದರ ತಪಾಸಣೆ. ಬೇಗ ಹಿಡಿದಷ್ಟೂ ಬೆನ್ನಿಗೆ ಒಳ್ಳೆಯದು ಎಂದರು.

ಅವಳ ಬೆನ್ನು ಓರೆಯಾಗಿದ್ದದ್ದು ಫ್ರಾಕು ತೆಗೆಸಿದ ಮೇಲೇ ಡಾಕ್ಟರಮ್ಮನಿಗೆ ಕಂಡದ್ದು. "ಬಟ್ಟೆ ಇಷ್ಟು ಚೆನ್ನಾಗಿ ಕೂತಿತ್ತು, ಗೊತ್ತೇ ಆಗ್ಲಿಲ್ಲ. ಯಾರು ಹೊಲಿದಿದ್ದು?" ಎಂದು ಕೇಳಿದರು. ನಾನೇ ಎಂದೆ. ಸೊಸೆ ನೆಲ ನೋಡುತ್ತಿದ್ದಳು. ಈ ಸಲದ ಅಳತೆಯಲ್ಲಿ ಬಲಭುಜ ಅರ್ಧ ಇಂಚು ಇಳಿದದ್ದು ಕಂಡಿತ್ತು ಕಣೋ. ಟೇಪು ಜಗ್ಗಿರಬೇಕೆಂದು ಫ್ರಾಕಿನ ಬಲಭುಜವನ್ನೇ ಅಷ್ಟು ಇಳಿಸಿ ಹೊಲಿದುಬಿಟ್ಟೆ.

ಒಮ್ಮೆ ಬಂದು ಹೋಗು. ಬಟನ್ ಮುಂದೆ ಅಳಬಾರದು, ಅಷ್ಟೇ ಷರತ್ತು.

ನಿನ್ನ,
ಅಕ್ಕ

ತಾ.ಕ.: ಈ ಸಲ ಎಂದು ಬರೆದದ್ದು ಸುಳ್ಳು. ಒಂದೂವರೆ ವರ್ಷದಿಂದ ನಾಲ್ಕು ಫ್ರಾಕು ಹಾಗೇ ಹೊಲಿದಿದ್ದೇನೆ. ಟೇಪೂ ಹೊಸದೇ. ಗೊತ್ತಾದರೆ ನಿಜವಾಗಿಬಿಡುತ್ತದೆ ಎಂಬ ಭಯ. ಲಕೋಟೆ ಅಂಟಿಸುವ ಮುಂಚೆ ನಿನ್ನ ಮಗಳನ್ನು ಕೂರಿಸಿಕೊಂಡು ಇದನ್ನೂ ಸೇರಿಸಿ ಓದಿದೆ. ಬೈಯುತ್ತಾಳೆಂದು ಕಾದೆ. "ಅತ್ತೆ, ಆ ಫ್ರಾಕಿಗೆಲ್ಲ ಇಸ್ತ್ರಿ ಹಾಕ್ತಿದ್ದೋಳು ನಾನೇ ಅಲ್ವಾ. ಮಡಚುವಾಗ ಎರಡು ಭುಜ ಒಂದಕ್ಕೊಂದು ಕೂರ್ತಾನೇ ಇರ್ಲಿಲ್ಲ" ಎಂದಳು.