‘ಫೇರ್ಲಿ’ ಎಂಬ ಅಳತೆ

ಕಪ್ಪತಗುಡ್ಡದ ಕೆಳಗಿನ ಗಾಳಿಯೂರು
ಕ್ರಿ.ಶ. ೨೨೧೭, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಹಾಗಾಗಿ ನಿನ್ನೆಯ ಕಾಗದದಲ್ಲಿ ಅರ್ಧಕ್ಕೆ ಬಿಟ್ಟ ‘ಫೇರ್ಲಿ’ಗೇ ಬರುತ್ತೇನೆ, ಹಿರಿಯರೇ. ಇನ್ನೂರು ವರ್ಷ ಹಿಂದಿರುವ ನಿಮಗೆ ನನ್ನ ಮಾತು ಅಲ್ಲಲ್ಲಿ ತೊಡರಿದರೆ ಮನ್ನಿಸಿ. ಕಾಲೇಜಿನ ಇಂಗ್ಲಿಷ್ ಮುಕ್ಕಾಲು ಮರೆತಿದೆ. ‘ಎ ಲಿಟ್ಲ್’ ಅಂದರೆ ತುಸು, ‘ವೆರಿ’ ಅಂದರೆ ಬಹಳ, ‘ಫೇರ್ಲಿ’ ಅಂದರೆ ಅವೆರಡರ ನಡುವೆ, ತಕ್ಕಮಟ್ಟಿಗೆ. ಚಹಾ ‘ಫೇರ್ಲಿ’ ಬಿಸಿಯಿದ್ದರೆ ಊದದೆ ಕುಡಿಯಬಹುದು. ಇಷ್ಟು ಉಳಿದಿದೆ.

ಸೊಸೆ ಅನಸೂಯೆಗೆ ನಿನ್ನೆಯಿಂದ ಹೊಟ್ಟೆಯ ಬಲಗಡೆ ನೋವು. ಈಗಷ್ಟೇ ನೋವುಗಂಬಕ್ಕೆ ಹೋಗಿದ್ದಾಳೆ. ಅದು ಓಣಿಯ ತುದಿಗಿದೆ. ಕಾಯಿಲೆಯವರು ಅದರೆದುರು ನಿಂತು ನೋವೆಷ್ಟು ಎಂದು ತಮ್ಮ ಬಾಯಿಂದಲೇ ಹೇಳಬೇಕು. ಆ ಮಾತಿನ ಮೇಲೆ ವೈದ್ಯರ ಗಾಳಿಬಂಡಿ ಅಂದೇ ಬರುತ್ತದೆ, ಇಲ್ಲವೇ ನಾಲ್ಕನೆಯ ದಿನ. ಕಂಬಕ್ಕೆ ಮಾತು ಕಲಿಸಿದವರು ನಿಮ್ಮ ಕಾಲದವರು, ಅಳತೆಯ ಪದಗಳು ಇಂಗ್ಲಿಷಿನಲ್ಲೇ ಉಳಿದಿವೆ. ನಮ್ಮ ಕಡೆ ಹಸಿವಿಗೆ ಕಣ್ಣು ಕತ್ತಲಿಟ್ಟರೂ ಪರರ ಮನೆಯಲ್ಲಿ ‘ಒಂದೀಟು ಹಾಕ್ರಿ’ ಎನ್ನುವ ರೂಢಿ. ಬಡಿಸುವವರಿಗೆ ಅದು ಗೊತ್ತು, ಎರಡು ರೊಟ್ಟಿ ಹೆಚ್ಚೇ ಹಾಕುತ್ತಾರೆ. ಕಂಬಕ್ಕೆ ಗೊತ್ತಿಲ್ಲ.

ನನ್ನ ಹೆಂಡತಿ ದಾಕ್ಷಾಯಣಿಗೆ ಆ ಪದ ಕಲಿಸಿದವನು ನಾನೇ. ಎದೆನೋವು ಬಂದ ದಿನ ಅವಳು ಕಂಬಕ್ಕೆ ‘ಫೇರ್ಲಿ’ ಎಂದಳು. ಎಷ್ಟು ಚೊಕ್ಕ ಹೇಳಿದಿ ಎಂದು ದಾರಿಯುದ್ದಕ್ಕೂ ಹೊಗಳಿದೆ. ನಡುವೆ ಎರಡು ಸಲ ಕೂತಳು. ಎರಡನೆಯ ಸಲ ಕೂತಾಗ, ‘ವೆರಿ’ ಅನ್ನಬಹುದಿತ್ತಲ್ಲ ಎಂದೆ.

“ಭಾಳ ಅಂತ ಹೆಂಗ ಅನ್ನೂದ್ರೀ? ನನಗಿಂತ ನೋವಿದ್ದವ್ರು ಇರತಾರ.”

‘ಫೇರ್ಲಿ’ಯ ಲೆಕ್ಕಕ್ಕೆ ವೈದ್ಯರು ನಾಲ್ಕನೆಯ ದಿನ ಬಂದರು. ಅವಳು ಮೂರನೆಯ ದಿನವೇ ಹೋಗಿದ್ದಳು.

ಅನಸೂಯೆ ಈಗ ಬಂದಳು. ಕಂಬಕ್ಕೆ ಏನಂದಿ ಎಂದು ಕೇಳಿದೆ.

“ಫೇರ್ಲಿ ಅಂದೀನಿ, ಮಾವಾರ. ಅತ್ತಿಯವ್ರೂ ಹಂಗ ಅಂತಿದ್ರಲ್ಲ.”

ಹೇಳಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮೊಣಕಾಲು ಎದೆಗೆ ಹತ್ತಿವೆ.

ಹಿರಿಯರೇ, ನಿಮ್ಮಲ್ಲಿ ಕಂಬ ಇನ್ನೂ ಮಾತು ಕಲಿಯುತ್ತಿರಬಹುದು. ನಮ್ಮ ಹೆಣ್ಣುಮಕ್ಕಳು ‘ಫೇರ್ಲಿ’ ಅಂದರೆ ಇನ್ನೊಮ್ಮೆ ಕೇಳಬೇಕೆಂದು ಅದಕ್ಕೆ ಕಲಿಸಿ. ಹಾಗೆಯೇ ನಿಮ್ಮ ಮನೆಯ ಹೆಣ್ಣುಮಕ್ಕಳಿಗೂ... ಇರಲಿ, ಹಾಳೆಯ ಮೇಲೆ ಬೆಳಕು ಕುಂದುತ್ತಿದೆ. ಕಂಬ ಬಿಸಿಲಿನಿಂದ ನಡೆಯುವಂಥದು, ಹೊತ್ತು ಮುಳುಗಿದರೆ ಕಿವುಡು. ಹೇಳಿದ್ದನ್ನು ತಿದ್ದಲು ಅಲ್ಲಿಯವರೆಗೆ ಮಾತ್ರ ಅವಕಾಶ. ಅವಳನ್ನು ಎಬ್ಬಿಸಿ, ಹೆಗಲು ಕೊಟ್ಟು ಕರೆದೊಯ್ಯುತ್ತೇನೆ. ‘ವೆರಿ’ ಎನ್ನುವವರೆಗೆ ಮನೆಗೆ ತರುವುದಿಲ್ಲ.